ಗೆಳತಿ ಮೊದಲೋ ಪ್ರೇಮಿ ಮೊದಲೋ: ಹುಡುಗಿಯರು ಬೆಳೆಯುವ ಹಳೆಯ ಕಾದಂಬರಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆನ್, ಜೋ, ಎಮಿಲಿ, ಬೆಟ್ಸಿ, ಜೂಡಿ. ಈ ಹುಡುಗಿಯರ ಮಾತು ಶುರುವಾದರೆ ಸಾಕು, ಸ್ವಲ್ಪ ಹೊತ್ತಿಗೇ ಅದು ಹುಡುಗರ ಕಡೆ ತಿರುಗಿಬಿಡುತ್ತದೆ. ಯಾರನ್ನು ಮದುವೆ ಆಗಬೇಕಿತ್ತು, ಯಾಕೆ ಆಗಲಿಲ್ಲ, ಇವನಿಗಿಂತ ಅವನು ವಾಸಿ ಅಲ್ವಾ. ಗೆಳತಿಯರ ಬಗ್ಗೆ ಕೇಳುವವರು ಕಡಿಮೆ. ಆದರೆ ಕೇಳಿದವರು ಬಹಳ ಒಳ್ಳೆಯ ಪ್ರಶ್ನೆಗಳನ್ನೇ ಕೇಳುತ್ತಾರೆ. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕತೆಗಳ ಕೊನೆಯನ್ನು ಮುಚ್ಚಿಟ್ಟಿಲ್ಲ. ಇನ್ನೂ ಓದದವರು ಮೊದಲ ಭಾಗ ನೋಡಿ ನಿಲ್ಲಿಸಿ, ಪುಸ್ತಕ ಮುಗಿಸಿ ಬನ್ನಿ.

## ಶುರುವಿನ ಪ್ರಶ್ನೆಗಳು

ಯಾವ್ಯಾವ ಪುಸ್ತಕಗಳ ಬಗ್ಗೆ ಮಾತಾಡ್ತಾ ಇದ್ದೀರಿ?

ಇಂಗ್ಲಿಷಿನಲ್ಲಿ ಬಂದ ಕೆಲವು ಹಳೆಯ ಕಾದಂಬರಿಗಳ ಬಗ್ಗೆ. ಶಾರ್ಲೆಟ್ ಬ್ರಾಂಟೆ ಅವರ 'ಜೇನ್ ಐರ್' (1847) ಹುಡುಗಿಯರಿಗೆಂದೇ ಬರೆದದ್ದಲ್ಲ, ಆದರೂ ಅದರ ಶಾಲೆಯ ಅಧ್ಯಾಯಗಳನ್ನು ಬಿಟ್ಟು ಈ ಮಾತು ಆಡಲಾಗದು. ಆಮೇಲೆ ಅಮೆರಿಕದ ಲೂಯಿಸಾ ಮೇ ಆಲ್ಕಾಟ್ ಅವರ 'ಲಿಟಲ್ ವಿಮೆನ್', ಎರಡು ಭಾಗ, 1868 ಮತ್ತು 1869. ಕೆನಡಾದ ಎಲ್. ಎಂ. ಮಾಂಟ್‌ಗೊಮೆರಿ ಅವರ ಆನ್ ಪುಸ್ತಕಗಳು, ಮೊದಲನೆಯದು 'ಆನ್ ಆಫ್ ಗ್ರೀನ್ ಗೇಬಲ್ಸ್', 1908. ಅವರದೇ ಎಮಿಲಿಯ ಮೂರು ಪುಸ್ತಕ, 1923ರಿಂದ 1927ರವರೆಗೆ. ಫ್ರಾನ್ಸಿಸ್ ಹಾಡ್ಸನ್ ಬರ್ನೆಟ್ ಅವರ 'ಎ ಲಿಟಲ್ ಪ್ರಿನ್ಸೆಸ್' (1905), ಜೀನ್ ವೆಬ್‌ಸ್ಟರ್ ಅವರ 'ಡ್ಯಾಡಿ ಲಾಂಗ್ ಲೆಗ್ಸ್' (1912), ಮಾಡ್ ಹಾರ್ಟ್ ಲವ್‌ಲೇಸ್ ಅವರ ಬೆಟ್ಸಿ-ಟೇಸಿ ಸರಣಿ (1940ರಿಂದ 1955), ಡೋಡಿ ಸ್ಮಿತ್ ಅವರ 'ಐ ಕ್ಯಾಪ್ಚರ್ ದ ಕ್ಯಾಸಲ್' (1948). ಇನ್ನೂ ಬೇಕಾದಷ್ಟು ಇವೆ. ಆದರೆ ಪ್ರಶ್ನೆಗಳು ಬರುವುದು ಹೆಚ್ಚಾಗಿ ಇವುಗಳ ಸುತ್ತಲೇ.

ಕೊನೆಗೆ ಎಲ್ಲವೂ ಮದುವೆ ಕತೆಗಳೇ ತಾನೇ?

ಕೊನೆಯ ಕೆಲವು ಪುಟ ಮಾತ್ರ ನೋಡಿದರೆ ಹೌದು ಅನಿಸುತ್ತದೆ. ಪುಟ ಎಣಿಸಿದರೆ ಅಲ್ಲ. ಆನ್‌ಳ ಮೊದಲ ಪುಸ್ತಕದಲ್ಲಿ ಸಹಪಾಠಿ ಗಿಲ್ಬರ್ಟ್ ಜೊತೆ ನೇರ ಮಾತು ಇರುವ ದೃಶ್ಯಗಳು ತೀರಾ ಕಡಿಮೆ; ಗೆಳತಿ ಡಯಾನಾ ಜೊತೆಗಿನ ದೃಶ್ಯಗಳು ಪುಸ್ತಕದ ತುಂಬ ಇವೆ. ಬೆಟ್ಸಿ-ಟೇಸಿಯ ಮೊದಲ ನಾಲ್ಕು ಪುಸ್ತಕಗಳಲ್ಲಿ ಬೆಟ್ಸಿಗೆ ಪ್ರೇಮಕಥೆಯೇ ಇಲ್ಲ. ಈ ಲೇಖಕಿಯರು ಸ್ನೇಹದ ಬಗ್ಗೆ ಬರೆಯುವಾಗ ಆತುರ ಮಾಡುವುದಿಲ್ಲ, ಮದುವೆಯ ಬಗ್ಗೆ ಬರೆಯುವಾಗ ಎಷ್ಟೋ ಸಲ ಮಾಡುತ್ತಾರೆ. ನನಗೆ ಇದು ಬಹಳ ಮುಖ್ಯ. ಪ್ರೇಮಕಥೆಗೆ ಮುಗಿಯುವ ಒಂದು ಜಾಗ ಇದೆ, ಮದುವೆ. ಸ್ನೇಹಕ್ಕೆ ಆ ಥರ ಮುಗಿಯುವ ಜಾಗ ಇಲ್ಲ. ಹಾಗಾಗಿ ಕೊನೆಯ ಅಧ್ಯಾಯ ಪ್ರೇಮದ ಪಾಲಾಗುತ್ತದೆ, ಓದಿ ಮುಗಿಸಿದವರ ನೆನಪಲ್ಲಿ ಅದೇ ದೊಡ್ಡದಾಗಿ ಉಳಿಯುತ್ತದೆ.

ಒಂದನ್ನೂ ಓದಿಲ್ಲ. ಯಾವುದರಿಂದ ಶುರು ಮಾಡಲಿ?

ಸ್ನೇಹ ಬೇಕಿದ್ದರೆ 'ಆನ್ ಆಫ್ ಗ್ರೀನ್ ಗೇಬಲ್ಸ್'. ಒಡಹುಟ್ಟಿದವರ ಜಗಳ, ಪ್ರೀತಿ ಎರಡೂ ಬೇಕಿದ್ದರೆ 'ಲಿಟಲ್ ವಿಮೆನ್'. ಸಣ್ಣ ಪುಸ್ತಕ, ಒಂದೇ ಸಲ ಕೂತು ಮುಗಿಸಬೇಕು ಅಂದರೆ 'ಡ್ಯಾಡಿ ಲಾಂಗ್ ಲೆಗ್ಸ್', ಅದು ಬಹುಪಾಲು ಪತ್ರಗಳಲ್ಲೇ ಇದೆ.

## ಗೆಳತಿಯರ ಬಗ್ಗೆ

ಆನ್ ಮತ್ತು ಡಯಾನಾ ಮೊದಲ ದಿನವೇ ಆಣೆ ಪ್ರಮಾಣ ಮಾಡ್ಕೊಳ್ತಾರೆ. ಇದು ಸ್ವಲ್ಪ ಅತಿ ಅನ್ಸಲ್ವಾ?

ಆನ್ ಎಲ್ಲಿಂದ ಬಂದವಳು ಅಂತ ನೆನಪಿಟ್ಟುಕೊಂಡು ಓದಿದರೆ ಅತಿ ಅನಿಸುವುದಿಲ್ಲ. ಹನ್ನೊಂದು ವರ್ಷದ ಅನಾಥೆ. ಆ ತನಕ ಬೇರೆಯವರ ಮನೆಗಳಲ್ಲಿ ಅವರ ಮಕ್ಕಳನ್ನು ನೋಡಿಕೊಂಡಿದ್ದಾಳೆ. ಅವಳಿಗಿದ್ದ ಗೆಳತಿಯರು ಇಬ್ಬರು: ಪುಸ್ತಕದ ಕಪಾಟಿನ ಗಾಜಿನಲ್ಲಿ ಕಾಣುವ ತನ್ನದೇ ಬಿಂಬ, ಮತ್ತೆ ಹಸಿರು ಕಣಿವೆಯಿಂದ ಮರಳಿ ಬರುವ ತನ್ನದೇ ದನಿ. ಎರಡಕ್ಕೂ ಅವಳು ಹೆಸರಿಟ್ಟಿದ್ದಳು. ಅಂಥವಳಿಗೆ ನಿಜವಾದ ಹುಡುಗಿಯೊಬ್ಬಳು ಎದುರು ನಿಂತು "ಆಗಲಿ" ಅಂದಾಗ ಅವಳು ಪ್ರಮಾಣ ಮಾಡದೆ ಇನ್ನೇನು ಮಾಡಿಯಾಳು? ಹರಿಯುವ ನೀರಿನ ಮೇಲೆ ಮಾಡಬೇಕು ಅನ್ನುತ್ತಾಳೆ, ನೀರು ಇಲ್ಲ, ತೋಟದ ಕಾಲುದಾರಿಯನ್ನೇ ನೀರು ಅಂದುಕೊಳ್ಳುತ್ತಾರೆ.

ಇನ್ನೊಂದು ವಿಷಯ. ಡಯಾನಾ ಒಂದು ದಿನ ಮದುವೆಯಾಗಿ ತನ್ನನ್ನು ಬಿಟ್ಟು ಹೋಗುತ್ತಾಳೆ ಅಂತ ಕಲ್ಪಿಸಿಕೊಂಡು ಆನ್ ಬಿಕ್ಕಿ ಬಿಕ್ಕಿ ಅಳುತ್ತಾಳೆ, ಇನ್ನೂ ಹುಟ್ಟಿಲ್ಲದ ಆ ಸಂಬಂಧದ ಗಂಡನನ್ನು ದ್ವೇಷಿಸುತ್ತೇನೆ ಅನ್ನುತ್ತಾಳೆ. ಅವಳನ್ನು ಸಾಕುವ ಮರಿಲಾಗೆ ನಗು ತಡೆಯಲಾಗುವುದಿಲ್ಲ. ಓದುವವರಿಗೂ ನಗು ಬರುತ್ತದೆ. ಆದರೆ ಆ ಭಯ ಸುಳ್ಳಲ್ಲ, ಮುಂದಿನ ಪುಸ್ತಕಗಳಲ್ಲಿ ಅದು ಒಂದು ಮಟ್ಟಿಗೆ ನಿಜವೇ ಆಗುತ್ತದೆ.

ಡಯಾನಾ ಸಪ್ಪೆ ಅಲ್ವಾ? ಆನ್‌ಗೆ ಸಮ ಅನ್ಸಲ್ಲ.

ಕಲ್ಪನೆಯಲ್ಲಿ ಸಮ ಅಲ್ಲ, ನಿಜ. ಆದರೆ ಸಮ ಇರಬೇಕು ಅಂತ ಯಾರು ಹೇಳಿದರು? ಡಯಾನಾ ನಗುತ್ತಾಳೆ, ನಂಬುತ್ತಾಳೆ, ಆನ್ ಕಟ್ಟಿದ ಯಾವ ಆಟಕ್ಕೂ ಇಲ್ಲ ಅನ್ನುವುದಿಲ್ಲ. ಅವಳಿಗೆ ಕಾಲೇಜು ಓದಿಸುವ ಯೋಚನೆ ಅಪ್ಪ ಅಮ್ಮನಿಗೆ ಇರಲಿಲ್ಲ. ಆನ್ ಮುಂದಕ್ಕೆ ಓದಲು ಹೋದಾಗ ಅವಳು ಊರಲ್ಲೇ ಉಳಿಯುತ್ತಾಳೆ. ಇದನ್ನು ಓದುಗರು ಬೇಗ ದಾಟಿಬಿಡುತ್ತಾರೆ. ಅವಳು ಸಪ್ಪೆ ಅನಿಸುವುದಕ್ಕೆ ಅವಳಿಗೆ ಸಿಗದೇ ಹೋದ ಅವಕಾಶವೂ ಒಂದು ಕಾರಣ.

ಅವರಿಬ್ಬರ ಅಂತರ ಚೆನ್ನಾಗಿ ಕಾಣುವುದು 'ಆನ್ ಆಫ್ ದ ಐಲೆಂಡ್'ನ ಬೇಕಿಂಗ್ ಪೌಡರ್ ಪ್ರಸಂಗದಲ್ಲಿ. ಆನ್ ಮನಸ್ಸಿಟ್ಟು ಬರೆದ ಒಂದು ಕತೆಯನ್ನು ಪತ್ರಿಕೆಗಳು ವಾಪಸ್ ಕಳಿಸಿರುತ್ತವೆ. ಡಯಾನಾ ಆ ಕತೆಯಲ್ಲಿ ಒಂದು ಕಂಪನಿಯ ಬೇಕಿಂಗ್ ಪೌಡರ್ ಹೆಸರು ಸೇರಿಸಿ, ಆನ್‌ಗೆ ಹೇಳದೆ, ಆ ಕಂಪನಿಯ ಸ್ಪರ್ಧೆಗೆ ಕಳಿಸುತ್ತಾಳೆ. 25 ಡಾಲರ್ ಬಹುಮಾನ ಬರುತ್ತದೆ. ಡಯಾನಾಗೆ ಸಂಭ್ರಮ, ಆನ್‌ಗೆ ಎದೆ ಒಡೆದಷ್ಟು ಅವಮಾನ, ಆದರೂ ಗೆಳತಿಯ ಎದುರು ಅದನ್ನು ತೋರಿಸದೆ ನುಂಗಿಕೊಳ್ಳುತ್ತಾಳೆ. ಪ್ರೀತಿ ಪೂರ್ತಿ ಇದೆ, ಅರ್ಥವಾಗುವುದು ಮಾತ್ರ ಅರ್ಧ. ಎಷ್ಟೋ ಗಟ್ಟಿ ಸ್ನೇಹಗಳು ಹೀಗೇ ಇರುತ್ತವೆ, ಮಾಂಟ್‌ಗೊಮೆರಿ ಇದನ್ನು ಯಾರನ್ನೂ ಸಣ್ಣವರನ್ನಾಗಿ ಮಾಡದೆ ಬರೆದಿದ್ದಾರೆ.

'ಲಿಟಲ್ ವಿಮೆನ್'ನಲ್ಲಿ ಗೆಳತಿಯರೇ ಇಲ್ಲವಲ್ಲ, ಬರೀ ಅಕ್ಕತಂಗಿಯರು. ಅದನ್ನೂ ಸ್ನೇಹ ಅಂತೀರಾ?

ಅಂತೀನಿ. ಮೆಗ್‌ಗೂ ಏಮಿಗೂ (ಜೋಳ ಅಕ್ಕ, ತಂಗಿ) ಹೊರಗೆ ಗೆಳತಿಯರು ಇದ್ದಾರೆ, ಆದರೆ ಆ ಸ್ನೇಹಗಳು ಬಟ್ಟೆ, ಪಾರ್ಟಿ, ಅಂತಸ್ತಿನ ವಿಷಯಕ್ಕೆ ಬಂದು ನಿಲ್ಲುತ್ತವೆ. ಜೋಗೆ ಅದೂ ಇಲ್ಲ. ಅವಳಿಗೆ ಎಲ್ಲ ಸ್ನೇಹವೂ ಮನೆಯೊಳಗೇ ಸಿಗುತ್ತದೆ, ಜೊತೆಗೆ ಪಕ್ಕದ ಮನೆಯ ಲಾರಿ. ಮೆಗ್‌ಳ ಮದುವೆ ಮಾತು ಬಂದಾಗ ಜೋ, ಮೆಗ್‌ಳನ್ನು ನಾನೇ ಮದುವೆಯಾಗಿ ಮನೆಯಲ್ಲೇ ಇಟ್ಟುಕೊಳ್ಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನುವ ಅರ್ಥದ ಮಾತು ಆಡುತ್ತಾಳೆ. ಆನ್ ಡಯಾನಾಗಾಗಿ ಅತ್ತದ್ದೂ ಇದೇ ಸಂಕಟಕ್ಕೆ.

ಏಮಿಯ ವಿಷಯ ಬೇರೆ. ಅವಳು ಜೋ ಬರೆದ ಹಸ್ತಪ್ರತಿಯನ್ನೇ ಸುಟ್ಟುಹಾಕುತ್ತಾಳೆ, ಕೈಬರಹದ ಒಂದೇ ಪ್ರತಿ. ಜೋ ಸಿಟ್ಟು ಬಿಡುವುದಿಲ್ಲ. ಮಾರನೆಯ ದಿನ ಏಮಿ ಹಿಮಗಟ್ಟಿದ ನದಿಯಲ್ಲಿ ಬಿದ್ದು ಸಾಯುವ ಹಾಗಾಗುತ್ತದೆ. ಕತೆ ಆಮೇಲೆ ಜೋಗೆ ಸಿಟ್ಟು ತಡೆಯುವುದನ್ನು ಕಲಿಸುತ್ತದೆ, ಸುಟ್ಟುಹೋದ ಪುಸ್ತಕದ ಮಾತು ಅಲ್ಲಿಗೆ ಮುಗಿಯುತ್ತದೆ. ನನಗೆ ಇಂದಿಗೂ ಅದು ಸರಿ ಕಾಣುವುದಿಲ್ಲ. ಗೆಳತಿಯಾಗಿದ್ದರೆ ಜೋ ಅವಳನ್ನು ಬಿಟ್ಟುಬಿಡಬಹುದಿತ್ತು, ತಂಗಿಯನ್ನು ಬಿಡಲಾಗದು.

ಒಳ್ಳೆ ಗೆಳತಿಯೇ ಯಾಕೆ ಸಾಯ್ತಾಳೆ ಯಾವಾಗ್ಲೂ?

ಯಾವಾಗಲೂ ಅಲ್ಲ, ಆದರೆ ಜಾಸ್ತಿಯೇ. ಒಂದು ಕಾರಣ ಸರಳ: ಆ ಕಾಲದಲ್ಲಿ ಕ್ಷಯ ಮತ್ತು ಜ್ವರಗಳು ಮಕ್ಕಳನ್ನೂ ಹದಿಹರೆಯದವರನ್ನೂ ಹೇರಳವಾಗಿ ಕೊಲ್ಲುತ್ತಿದ್ದವು. ಬ್ರಾಂಟೆ ಅವರ ಇಬ್ಬರು ಅಕ್ಕಂದಿರು 1825ರಲ್ಲಿ ಕಾಯಿಲೆ ಬಿದ್ದು ಶಾಲೆಯಿಂದ ಮನೆಗೆ ಬಂದು ತೀರಿಕೊಂಡರು. ಆಲ್ಕಾಟ್ ಅವರ ತಂಗಿ ಎಲಿಜಬೆತ್ 1858ರಲ್ಲಿ ತೀರಿಕೊಂಡರು, ಜೋಳ ತಂಗಿ ಬೆತ್ ಬಂದದ್ದು ಅಲ್ಲಿಂದಲೇ. ಬರೆದವರು ಕಂಡದ್ದನ್ನೇ ಬರೆದರು.

ಆದರೆ ಕತೆಯಲ್ಲಿ ಆ ಸಾವುಗಳು ಮಾಡುವ ಕೆಲಸ ಒಂದೇ ಥರ ಇಲ್ಲ. 'ಜೇನ್ ಐರ್'ನ ಶಾಲೆಯ ಗೆಳತಿ ಹೆಲೆನ್ ಬರ್ನ್ಸ್ ಸಾಯುವ ಮೊದಲು ಜೇನ್‌ಗೆ, ನೀನು ಮನುಷ್ಯರ ಪ್ರೀತಿಯನ್ನು ಅತಿಯಾಗಿ ಹಚ್ಚಿಕೊಳ್ಳುತ್ತೀಯ ಅಂತ ಹೇಳಿರುತ್ತಾಳೆ. ಜೇನ್ ಅದನ್ನು ಕೇಳುತ್ತಾಳೆ, ಒಪ್ಪುವುದಿಲ್ಲ, ಇಡೀ ಪುಸ್ತಕ ಆ ಒಪ್ಪದ ಮಾತಿನ ಮೇಲೆ ನಡೆಯುತ್ತದೆ. ಬೆತ್ ಸಾಯುವ ಮೊದಲು ಜೋಗೆ ಅಪ್ಪ ಅಮ್ಮನನ್ನು ನೋಡಿಕೋ ಅನ್ನುತ್ತಾಳೆ, ದೊಡ್ಡ ಪುಸ್ತಕ ಬರೆಯುವುದಕ್ಕಿಂತ ಅದರಲ್ಲಿ ನಿನಗೆ ಹೆಚ್ಚು ಸುಖ ಇದೆ ಅಂತಲೂ ಹೇಳುತ್ತಾಳೆ. ಎಷ್ಟು ದೊಡ್ಡ ಬೇಡಿಕೆ ನೋಡಿ. ಮದುವೆಯಾಗು ಅಂತ ಲಾರಿ ಕೇಳಿದ್ದಕ್ಕಿಂತ ದೊಡ್ಡದು, ಮತ್ತೆ ಜೋ ಅದಕ್ಕೆ ಇಲ್ಲ ಅನ್ನಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಆನ್ ಪುಸ್ತಕಗಳ ರೂಬಿ ಗಿಲಿಸ್. ಹುಡುಗರ ಮಾತು ಬಿಟ್ಟು ಬೇರೆ ಮಾತಾಡದ, ನಗುನಗುತ್ತಾ ಓಡಾಡುವ, ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಹುಡುಗಿ. ಕ್ಷಯ ಬಂದು ಮಲಗಿದಾಗ ಅವಳು ಆನ್ ಹತ್ತಿರ ತನಗೆ ಸಾಯಲು ಭಯ ಅಂತ ಒಪ್ಪಿಕೊಳ್ಳುತ್ತಾಳೆ. ಸ್ವರ್ಗ ಚೆನ್ನಾಗಿಯೇ ಇರಬಹುದು, ಆದರೆ ಅದು ತನಗೆ ಅಭ್ಯಾಸ ಇರುವ ಜಾಗ ಅಲ್ಲವಲ್ಲ ಅನ್ನುತ್ತಾಳೆ. ಹೆಲೆನ್ ಥರ, ಬೆತ್ ಥರ ಅವಳು ಶಾಂತವಾಗಿ ಸಾಯಲು ತಯಾರಾಗಿಲ್ಲ. ಈ ಥರದ ಪುಸ್ತಕಗಳಲ್ಲಿ ಇಷ್ಟು ಪ್ರಾಮಾಣಿಕವಾಗಿ ಬರೆದ ಸಾವಿನ ಪುಟಗಳು ಕಡಿಮೆ.

ಶ್ರೀಮಂತ ಹುಡುಗಿ, ಬಡ ಹುಡುಗಿ ಸ್ನೇಹ ಬರುತ್ತಲ್ಲ, ಅದು ನಿಜವಾದ ಸ್ನೇಹನಾ?

'ಎ ಲಿಟಲ್ ಪ್ರಿನ್ಸೆಸ್' ಓದಿದವರು ಕೇಳುವ ಪ್ರಶ್ನೆ ಇದು. ಸಾರಾ ಶಾಲೆಯ ಶ್ರೀಮಂತ ವಿದ್ಯಾರ್ಥಿನಿ, ಬೆಕಿ ಅಡುಗೆಮನೆಯ ಕೆಲಸದ ಹುಡುಗಿ. ಸಾರಾ ಎಲ್ಲ ಕಳೆದುಕೊಂಡು ಅಟ್ಟಕ್ಕೆ ಬಂದಾಗ ಇಬ್ಬರೂ ಗೋಡೆಯ ಆಚೆ ಈಚೆ ಮಲಗುತ್ತಾರೆ, ಗೋಡೆ ತಟ್ಟಿ ಮಾತಾಡುತ್ತಾರೆ. ಅಲ್ಲಿ ಸಮಾನತೆ ಇದೆ. ಸಾರಾಗೆ ಹಣ ಮರಳಿ ಬಂದಾಗ ಬೆಕಿಯೂ ಅವಳ ಜೊತೆ ಹೋಗುತ್ತಾಳೆ, ಆದರೆ ಸಾರಾಳ ಸೇವಕಿಯಾಗಿ. ಪುಸ್ತಕ ಇದನ್ನು ಸುಖಾಂತ್ಯ ಅಂತ ಕೊಡುತ್ತದೆ. ಬೆಕಿಗೆ ಹೊಟ್ಟೆ ತುಂಬ ಊಟ, ಒಳ್ಳೆಯ ಮನೆ ಸಿಗುತ್ತದೆ, ಅದು ಸಣ್ಣದಲ್ಲ. ಆದರೂ ಗೋಡೆ ತಟ್ಟುವ ಆ ದಿನಗಳಲ್ಲಿ ಅವರು ಗೆಳತಿಯರಾಗಿದ್ದಷ್ಟು ಆಮೇಲೆ ಇರಲಿಲ್ಲ ಅಂತಲೇ ನಾನು ಓದುತ್ತೇನೆ.

## ಹುಡುಗರ ಬಗ್ಗೆ

ಜೋ ಲಾರಿಯನ್ನು ಯಾಕೆ ಮದುವೆ ಆಗ್ಲಿಲ್ಲ?! ಅಷ್ಟು ಒಳ್ಳೆ ಜೋಡಿ

ಇದೇ ಪ್ರಶ್ನೆಯನ್ನು ಆಲ್ಕಾಟ್ ಅವರಿಗೆ 1868ರಲ್ಲೇ ಹುಡುಗಿಯರು ಪತ್ರ ಬರೆದು ಕೇಳಿದ್ದರು. ಮೊದಲ ಭಾಗ ಬಂದಿತ್ತು, ಎರಡನೆಯದು ಬರೆಯುತ್ತಿದ್ದರು. ಹೆಣ್ಣಿನ ಬದುಕಿಗೆ ಮದುವೆಯೊಂದೇ ಗುರಿ ಅನ್ನುವ ಹಾಗೆ ಎಲ್ಲರೂ ಯಾರು ಯಾರನ್ನು ಮದುವೆ ಆಗುತ್ತಾರೆ ಅಂತಲೇ ಕೇಳುತ್ತಾರೆ, ಯಾರನ್ನು ಮೆಚ್ಚಿಸುವುದಕ್ಕೂ ನಾನು ಜೋಳನ್ನು ಲಾರಿಗೆ ಮದುವೆ ಮಾಡಿಕೊಡುವುದಿಲ್ಲ ಅಂತ ಅವರು ದಿನಚರಿಯಲ್ಲಿ ಬರೆದುಕೊಂಡರು. ಜೋ ಮದುವೆಯಾಗದೆ ಬರಹಗಾರ್ತಿಯಾಗಿಯೇ ಉಳಿಯಬೇಕಿತ್ತು ಅನ್ನುವುದು ಅವರ ಆಸೆ. ಅಷ್ಟು ಒತ್ತಾಯದ ಎದುರು ಪೂರ್ತಿ ಇಲ್ಲ ಅನ್ನಲಾಗದೆ, ಹಟಕ್ಕೆ ಬೇರೆಯೇ ಒಬ್ಬನನ್ನು ತಂದೆ ಅಂತ ಒಂದು ಪತ್ರದಲ್ಲಿ ಹೇಳಿದ್ದಾರೆ.

ಹಟ ಅಂತ ಅವರೇ ಅಂದರೂ, ಕತೆಯೊಳಗೆ ಕಾರಣ ಗಟ್ಟಿಯಾಗಿದೆ. ಲಾರಿ ಕೇಳಿದಾಗ ಜೋ ಕೊಡುವ ಕಾರಣಗಳನ್ನು ನಿಧಾನವಾಗಿ ಓದಿ. ಇಬ್ಬರಿಗೂ ಸಿಟ್ಟು ಜಾಸ್ತಿ, ಇಬ್ಬರೂ ಹಟಮಾರಿಗಳು, ಇವನ್ನೆಲ್ಲ ಅಮ್ಮನೂ ಹೇಳಿರುತ್ತಾಳೆ. ಆಮೇಲೆ ಅವಳು ತನ್ನ ಸ್ವಂತ ಮಾತು ಸೇರಿಸುತ್ತಾಳೆ: ನನ್ನ ಬರವಣಿಗೆ ನಿನಗೆ ಬೇಡವಾಗುತ್ತದೆ, ಅದಿಲ್ಲದೆ ನಾನು ಇರಲಾರೆ. ಜೋಳ ಮೊದಲ ಕತೆಗಳು ಪತ್ರಿಕೆಗೆ ಹೋದ ದಿನ ಬೀದಿಯಲ್ಲೇ ಟೋಪಿ ಹಾರಿಸಿ ಜೈಕಾರ ಹಾಕಿದವನು ಇದೇ ಲಾರಿ. ಅವನು ಗೆಳೆಯನಾಗಿ ಅವಳ ಬರವಣಿಗೆಗೆ ಸಂಭ್ರಮಪಟ್ಟ. ಗಂಡನಾದರೆ, ದೊಡ್ಡ ಮನೆ, ಅತಿಥಿಗಳು, ಆ ಅಂತಸ್ತಿನ ಸಂಸಾರ. ಅಲ್ಲಿ ಅಟ್ಟದ ಮೇಲೆ ಕೂತು ಮಸಿ ಮೆತ್ತಿಕೊಂಡು ಬರೆಯುವ ಹೆಂಡತಿಗೆ ಜಾಗ ಇರುವುದಿಲ್ಲ ಅಂತ ಅವಳಿಗೆ ಗೊತ್ತು.

ಈ ಪುಸ್ತಕಗಳ ಹುಡುಗರನ್ನು ಅಳೆಯುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಕ್ಕಿಲ್ಲ. ಅವನು ನೋಡಲು ಹೇಗಿದ್ದಾನೆ, ಎಷ್ಟು ಕಾದ ಅನ್ನುವುದೆಲ್ಲ ಆಮೇಲೆ. ಅವಳ ಕೆಲಸದ ಜೊತೆ, ಅವಳ ಗೆಳತಿಯರ ಜೊತೆ ಅವನು ಹೇಗೆ ನಡೆದುಕೊಳ್ಳುತ್ತಾನೆ, ಅದನ್ನು ಮೊದಲು ನೋಡಿ.

ಹಾಗಾದರೆ ಜೋ ಕೊನೆಗೆ ಮದುವೆಯಾದ ಪ್ರೊಫೆಸರ್ ಬೇರ್? ಅವನೂ ಅವಳ ಕತೆಗಳನ್ನು ಬಯ್ದನಲ್ಲ!

ಬಯ್ದ, ಸುತ್ತುಬಳಸಿ. ಪತ್ರಿಕೆಗಳಲ್ಲಿ ಬರುವ ರೋಚಕ ಕತೆಗಳು ಕೆಟ್ಟವು ಅಂದ, ಜೋ ಅಂಥವನ್ನು ಬರೆದು ಹಣ ಗಳಿಸುತ್ತಿದ್ದಾಳೆ ಅಂತ ಅವನಿಗೆ ಅಷ್ಟರಲ್ಲೇ ಅನುಮಾನ ಬಂದಿತ್ತು. ಅವಳು ಕೋಣೆಗೆ ಹೋಗಿ ಎಲ್ಲ ಒಲೆಗೆ ಹಾಕಿದಳು. ಆ ಹಣ ಅವಳು ಬೆತ್‌ಗಾಗಿ ಕೂಡಿಡುತ್ತಿದ್ದದ್ದು. ಆ ಪುಟ ಓದುವಾಗ ನನಗೆ ಕಷ್ಟವಾಗುತ್ತದೆ. ಆಲ್ಕಾಟ್ ಸ್ವತಃ ಅಂಥ ಕತೆಗಳನ್ನು ಬೇರೆ ಹೆಸರಿನಲ್ಲಿ ಬರೆದು ಮನೆ ನಡೆಸಿದವರು.

ಆದರೆ ಬೇರ್ ಅವಳಿಗೆ ಬರೆಯಬೇಡ ಅನ್ನಲಿಲ್ಲ, ಇದಕ್ಕಿಂತ ಒಳ್ಳೆಯದು ನಿನ್ನಿಂದ ಆಗುತ್ತದೆ ಅನ್ನುವ ನಂಬಿಕೆ ಅವನದು. ಕೊನೆಗೆ ಅವನು ಅವಳನ್ನು ಹುಡುಕಿಕೊಂಡು ಬರುವುದಕ್ಕೆ ಕಾರಣವೂ ಅವಳ ಒಂದು ಕವಿತೆ, ಅದನ್ನು ಅವನು ಪತ್ರಿಕೆಯಲ್ಲಿ ಓದಿರುತ್ತಾನೆ. 1886ರ 'ಜೋಸ್ ಬಾಯ್ಸ್'ಗೆ ಬರುವ ಹೊತ್ತಿಗೆ ಜೋ ಹೆಸರಾಂತ ಲೇಖಕಿ. ನನಗೆ ಬೇರ್ ಮೇಲೆ ಪೂರ್ತಿ ಪ್ರೀತಿ ಇಲ್ಲ, ಆದರೆ ಅವನ ಮನೆಯಲ್ಲಿ ಅವಳ ಲೇಖನಿ ನಿಲ್ಲಲಿಲ್ಲ.

ಗಿಲ್ಬರ್ಟ್ ಬ್ಲೈತ್ ಎಲ್ಲರಿಗೂ ಯಾಕೆ ಅಷ್ಟು ಇಷ್ಟ?

ಅವನು ತಪ್ಪು ಮಾಡಿ, ಕ್ಷಮೆ ಕೇಳಿ, ಕ್ಷಮೆ ಸಿಗದೇ ಇದ್ದಾಗಲೂ ಕೆಟ್ಟವನಾಗುವುದಿಲ್ಲ. ಆನ್‌ಳ ಕೆಂಪು ಕೂದಲನ್ನು ಆಡಿಕೊಂಡ, ಅವಳು ಸ್ಲೇಟನ್ನು ಅವನ ತಲೆಗೆ ಕುಕ್ಕಿದಳು. ಅಲ್ಲಿಂದ ಪುಸ್ತಕದ ಕೊನೆಯವರೆಗೆ ಹೆಚ್ಚುಕಡಿಮೆ ಮಾತಿಲ್ಲ, ಓದಿನಲ್ಲಿ ಪೈಪೋಟಿ ಮಾತ್ರ. ಅವಳು ಮನಸ್ಸಿನಲ್ಲಿ ಅವನನ್ನು ಯಾವತ್ತೋ ಕ್ಷಮಿಸಿದ್ದಾಳೆ, ಹೇಳಲು ಅಭಿಮಾನ ಬಿಡುವುದಿಲ್ಲ. ಮರಿಲಾಳ ಅಣ್ಣ ಮ್ಯಾಥ್ಯೂ ತೀರಿಕೊಂಡು, ಅವಳು ಮರಿಲಾ ಜೊತೆ ಊರಲ್ಲೇ ಉಳಿಯಬೇಕಾದಾಗ ಅವನು ತನಗೆ ಸಿಕ್ಕಿದ್ದ ಊರಿನ ಶಾಲೆಯ ಕೆಲಸವನ್ನು ಅವಳಿಗೆ ಬಿಟ್ಟುಕೊಟ್ಟು ತಾನು ದೂರದ ಊರಿನ ಶಾಲೆಗೆ ಹೋಗುತ್ತಾನೆ. ಹೂವಲ್ಲ, ಪದ್ಯವಲ್ಲ, ಒಂದು ಕೆಲಸ. ಅದೇ ಅವನ ಮೊದಲ ಪ್ರೇಮಪತ್ರ ಅನ್ನಬಹುದು.

ಇನ್ನೊಂದು ಚಂದದ ವಿವರ ಜನ ಮರೆಯುತ್ತಾರೆ. 'ಆನ್ ಆಫ್ ದ ಐಲೆಂಡ್'ನಲ್ಲಿ ಆನ್ ಅವನನ್ನು ಒಮ್ಮೆ ಬೇಡ ಅಂದಿರುತ್ತಾಳೆ. ಎರಡನೇ ಸಲ ಕೇಳುವ ಧೈರ್ಯ ಅವನಿಗೆ ಬಂದದ್ದು ಆನ್‌ಳ ಕಾಲೇಜಿನ ಗೆಳತಿ ಫಿಲ್ ಬರೆದ ಪತ್ರದಿಂದ: ರಾಯ್ (ಆನ್ ಹಿಂದೆ ಬಿದ್ದಿದ್ದ ಇನ್ನೊಬ್ಬ) ಜೊತೆ ಏನೂ ಇಲ್ಲ, ಇನ್ನೊಮ್ಮೆ ಪ್ರಯತ್ನ ಮಾಡು ಅಂತ. ಆ ಪ್ರೇಮಕ್ಕೆ ಬಾಗಿಲು ತೆಗೆದದ್ದು ಒಬ್ಬ ಗೆಳತಿ.

ವಯಸ್ಸಾದ ಗಂಡಸರು ಚಿಕ್ಕ ಹುಡುಗಿಯರ ಹಿಂದೆ ಬೀಳ್ತಾರಲ್ಲ, ಓದೋಕೆ ಕಸಿವಿಸಿ ಆಗುತ್ತೆ

ಆಗಬೇಕಾದದ್ದೇ. ಆ ಕಾಲದಲ್ಲಿ ಅದು ಸಾಮಾನ್ಯ ಅಂತ ಹೇಳಿ ಮುಗಿಸುವುದು ಸುಲಭ, ಆದರೆ ಆ ಲೇಖಕಿಯರಲ್ಲಿ ಕೆಲವರಿಗೇ ಅದು ಸರಿ ಕಂಡಿರಲಿಲ್ಲ. ಎಮಿಲಿಯ ಡೀನ್ ಪ್ರೀಸ್ಟ್ ಅವಳ ಅಪ್ಪನ ಶಾಲೆಯ ಗೆಳೆಯ. ಅವಳು ಹದಿಮೂರರ ಆಸುಪಾಸಿನಲ್ಲಿದ್ದಾಗ ಕಡಲದಂಡೆಯ ಕಡಿದಾದ ಜಾಗದಿಂದ ಅವಳ ಜೀವ ಉಳಿಸುತ್ತಾನೆ, ಆ ಜೀವ ಇನ್ನು ತನ್ನದು ಅನ್ನುತ್ತಾನೆ. ಅವಳಿಗೆ ಪುಸ್ತಕ ಕೊಡುತ್ತಾನೆ, ಲೋಕ ತೋರಿಸುತ್ತಾನೆ, ನಿಜವಾಗಿ ಒಳ್ಳೆಯ ಜೊತೆಯವನು. ಮತ್ತೆ ಅವಳು ತನ್ನ ಮೊದಲ ದೊಡ್ಡ ಪುಸ್ತಕದ ಬಗ್ಗೆ ಅವನ ಅಭಿಪ್ರಾಯ ಕೇಳಿದಾಗ ಸುಳ್ಳು ಹೇಳುತ್ತಾನೆ. ಪುಸ್ತಕ ಚೆನ್ನಾಗಿತ್ತು. ಅದು ತನ್ನಿಂದ ಅವಳನ್ನು ದೂರ ಮಾಡುತ್ತದೆ ಅಂತ ಹೊಟ್ಟೆಕಿಚ್ಚು. ಅವಳು ಅವನನ್ನು ನಂಬಿ ಹಸ್ತಪ್ರತಿಯನ್ನು ಸುಟ್ಟುಬಿಡುತ್ತಾಳೆ. ಏಮಿ ಮಾಡಿದ್ದು ಮಗುವಿನ ಸಿಟ್ಟು. ಡೀನ್ ಮಾಡಿದ್ದು ಹಾಗಲ್ಲ, ಬೆಂಕಿ ಹಚ್ಚುವ ಕೆಲಸವನ್ನು ಅವಳ ಕೈಯಿಂದಲೇ ಮಾಡಿಸಿದ. ಮಾಂಟ್‌ಗೊಮೆರಿ ಅವನನ್ನು ರಾಕ್ಷಸ ಮಾಡಲಿಲ್ಲ, ಆದರೆ ಅವನಿಗೆ ಎಮಿಲಿಯನ್ನು ಕೊಡಲೂ ಇಲ್ಲ.

'ಡ್ಯಾಡಿ ಲಾಂಗ್ ಲೆಗ್ಸ್'ನ ಜರ್ವಿಸ್ ವಿಷಯ ಇನ್ನೂ ತೊಡಕಿನದು, ಏಕೆಂದರೆ ಪುಸ್ತಕ ಅವನ ಪರವಾಗಿದೆ. ಜೂಡಿಯ ಓದಿನ ಖರ್ಚು ಕೊಡುವ ಹೆಸರಿಲ್ಲದ ದಾನಿ ಅವನೇ, ಅವಳನ್ನು ಭೇಟಿಯಾಗುವ ಹದಿನಾಲ್ಕು ವರ್ಷ ದೊಡ್ಡ ಶ್ರೀಮಂತನೂ ಅವನೇ. ಗೆಳತಿ ಸ್ಯಾಲಿಯ ಮನೆಯವರು ರಜೆಗೆ ತಮ್ಮ ಶಿಬಿರಕ್ಕೆ ಕರೆದಾಗ ಕಾರಣ ಹೇಳದೆ ಬೇಡ ಅಂತ ಆಜ್ಞೆ ಕಳಿಸುತ್ತಾನೆ. ಅಲ್ಲಿ ಸ್ಯಾಲಿಯ ಅಣ್ಣ ಇದ್ದಾನೆ, ಅದು ಕಾರಣ. ಅವಳಿಗೆ ಮೊದಲ ಸಲ ಸಿಟ್ಟು ಬಂದರೂ ಒಪ್ಪಿಕೊಳ್ಳುತ್ತಾಳೆ. ಆಮೇಲೆ ಒಂದು ಬೇಸಿಗೆ ಅವನ ಪತ್ರ ತಲುಪುವ ಮೊದಲೇ ಸ್ಯಾಲಿಯ ಶಿಬಿರದಲ್ಲಿ ಹೋಗಿ ಕೂತು, ಪತ್ರ ತಡವಾಗಿ ಬಂದದ್ದಕ್ಕೆ ಸಂತೋಷ ಅಂತ ಬರೆಯುತ್ತಾಳೆ. ನನಗೆ ಆ ಪತ್ರ ಇಡೀ ಪುಸ್ತಕದ ಎತ್ತರದ ಜಾಗ. ಕೊನೆಯಲ್ಲಿ ಗುಟ್ಟು ಬಯಲಾದಾಗ ಜೂಡಿಗೆ ಸಂತೋಷವೇ ಆಗುತ್ತದೆ. ನನಗೆ ಆಗುವುದಿಲ್ಲ. ತನ್ನ ಮನಸ್ಸಿನ ಮಾತನ್ನೆಲ್ಲ ಯಾರಿಗೆ ಬರೆಯುತ್ತಿದ್ದೇನೆ ಅಂತ ಅವಳಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

## ಇನ್ನೂ ಸ್ವಲ್ಪ ಆಳಕ್ಕೆ

ಇಬ್ಬರು ಗೆಳತಿಯರು, ಒಬ್ಬನೇ ಹುಡುಗ. ಆಗ ಸ್ನೇಹ ಉಳಿಯುತ್ತಾ?

ಎಮಿಲಿ ಮತ್ತು ಇಲ್ಸಾ ಉಳಿಸಿಕೊಂಡರು, ಆದರೆ ಅದಕ್ಕೆ ಕೊಟ್ಟ ಬೆಲೆ ದೊಡ್ಡದು. ಇಬ್ಬರೂ ಚಿಕ್ಕಂದಿನಿಂದ ಜಗಳವಾಡಿಕೊಂಡು ಬೆಳೆದವರು. ಇಲ್ಸಾ ಸಿಟ್ಟು ಬಂದರೆ ಬಾಯಿಗೆ ಬಂದದ್ದು ಬಯ್ಯುವವಳು. ಎಮಿಲಿ ಪ್ರೀತಿಸುವ ಟೆಡ್ಡಿ ಬರೆದ ಒಂದು ಮುಖ್ಯ ಪತ್ರ ಅವನ ತಾಯಿಯ ಕೈಗೆ ಸಿಕ್ಕಿ ಎಮಿಲಿಗೆ ತಲುಪದೆ ಹೋಗುತ್ತದೆ. ಕೊನೆಗೆ ಅವನು ಇಲ್ಸಾಳನ್ನು ಮದುವೆಯಾಗಲು ಹೊರಡುತ್ತಾನೆ. ಎಮಿಲಿ ಗೆಳತಿಯ ಮದುವೆಯ ತಯಾರಿಯಲ್ಲಿ ನಿಂತು ಒಂದು ಮಾತೂ ಹೇಳುವುದಿಲ್ಲ. ಮದುವೆಯ ದಿನವೇ ಅವರ ಬಾಲ್ಯದ ಗೆಳೆಯ ಪೆರಿಗೆ ಅಪಘಾತ ಆಗಿದೆ ಅಂತ ಸುದ್ದಿ ಬಂದು ಇಲ್ಸಾ ಮದುವೆ ಬಟ್ಟೆಯಲ್ಲೇ ಅವನ ಹತ್ತಿರ ಓಡುತ್ತಾಳೆ. ಅವಳ ಮನಸ್ಸು ಮೊದಲಿನಿಂದಲೂ ಪೆರಿಯ ಮೇಲೆ.

ಇಲ್ಲಿ ಸೂಕ್ಷ್ಮ ಏನೆಂದರೆ, ಎಲ್ಲದರ ಬಗ್ಗೆ ಜಗಳವಾಡಿ ಮಾತಾಡುವ ಈ ಇಬ್ಬರು ಇದೊಂದರ ಬಗ್ಗೆ ಮಾತಾಡಲಿಲ್ಲ. ಮಾತಾಡಿದ್ದರೆ ಇಬ್ಬರ ಎಷ್ಟೋ ವರ್ಷ ಉಳಿಯುತ್ತಿತ್ತು. ಎಮಿಲಿಯ ಅಭಿಮಾನ ಅವಳಿಗೆ ಬರೆಯಲು ಶಕ್ತಿ ಕೊಟ್ಟಿತು. ಗೆಳತಿಯ ಎದುರು ಬಾಯಿ ಮುಚ್ಚಿಸಿದ್ದೂ ಅದೇ.

ಮದುವೆ ಆದ್ಮೇಲೆ ಗೆಳತಿ ಎಲ್ಲಿ ಹೋಗ್ತಾಳೆ? ಡಯಾನಾ ಕಾಣೋದೇ ಇಲ್ಲ

ಕಾಣುವುದು ಕಡಿಮೆಯಾಗುತ್ತದೆ, ನಿಜ. ಮಾಂಟ್‌ಗೊಮೆರಿ ಅದನ್ನು ಹೆಸರುಗಳಲ್ಲಿ ಉಳಿಸಿಕೊಂಡರು: ಡಯಾನಾಳ ಮಗಳು ಆನ್ ಕಾರ್ಡೀಲಿಯಾ, ಆನ್‌ಳ ಅವಳಿ ಹೆಣ್ಣುಮಕ್ಕಳು ಆನ್ ಮತ್ತು ಡಯಾನಾ, ಮನೆಯಲ್ಲಿ ನ್ಯಾನ್ ಮತ್ತು ಡೈ. 1939ರ 'ಆನ್ ಆಫ್ ಇಂಗಲ್‌ಸೈಡ್'ನ ಶುರುವಿನಲ್ಲಿ ಇಬ್ಬರೂ ಮಧ್ಯವಯಸ್ಸಿನವರಾಗಿ ಹಳೆಯ ಜಾಗಗಳಿಗೆ ಒಂದು ದಿನ ಹೋಗಿ ಬರುತ್ತಾರೆ. ಅಷ್ಟೇ. ಆನ್‌ಗೆ ಹೊಸ ಗೆಳತಿ ಸಿಗುವುದು 1917ರ 'ಆನ್ಸ್ ಹೌಸ್ ಆಫ್ ಡ್ರೀಮ್ಸ್'ನಲ್ಲಿ, ಲೆಸ್ಲಿ ಮೂರ್. ಇದು ಬಾಲ್ಯದ ಸ್ನೇಹದ ಥರ ಅಲ್ಲವೇ ಅಲ್ಲ. ಬೇಡದ ಮದುವೆಯಲ್ಲಿ ಸಿಕ್ಕಿಬಿದ್ದ ಲೆಸ್ಲಿಗೆ ಆನ್‌ಳ ಸುಖ ನೋಡಿ ದ್ವೇಷ ಬಂದಿರುತ್ತದೆ, ಅದನ್ನು ಅವಳ ಎದುರೇ ಹೇಳಿಕೊಳ್ಳುತ್ತಾಳೆ. ದೊಡ್ಡವರಾದ ಮೇಲೆ 'ನಿನ್ನ ಮೇಲೆ ಹೊಟ್ಟೆಕಿಚ್ಚು ಇತ್ತು' ಅಂತ ಹೇಳಬಲ್ಲ ಸ್ನೇಹ. ಡಯಾನಾ ಜೊತೆ ಅಂಥ ಮಾತು ಬೇಕಾಗಿರಲಿಲ್ಲ.

ಗೆಳತಿಯನ್ನು ಮದುವೆಯ ಆಚೆಗೂ ಕರೆದೊಯ್ದವರು ಲವ್‌ಲೇಸ್. ಐದನೇ ಹುಟ್ಟುಹಬ್ಬದಲ್ಲಿ ಸ್ನೇಹಿತರಾದ ಬೆಟ್ಸಿ ಮತ್ತು ಟೇಸಿ 1955ರ 'ಬೆಟ್ಸೀಸ್ ವೆಡ್ಡಿಂಗ್'ನಲ್ಲೂ ಅಡುಗೆ, ಮನೆ, ಗಂಡ ಎಲ್ಲದರ ನಡುವೆ ಒಬ್ಬರಿಗೊಬ್ಬರು ಇದ್ದಾರೆ. ಅಲ್ಲಿ ಬೆಟ್ಸಿಯ ಗಂಡ ಜೋ ವಿಲ್ಲರ್ಡ್ ತಾನೂ ಬರಹಗಾರ. ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯಲ್ಲಿ ಅವಳ ಎದುರಾಳಿ, ಆಮೇಲೆ ಅವಳ ಜೊತೆಗಾರ. ಅವನು ಬಂದದ್ದರಿಂದ ಬೆಟ್ಸಿ ಲೇಖನಿಯನ್ನೂ ಬಿಡಲಿಲ್ಲ, ಟೇಸಿಯನ್ನೂ ಬಿಡಲಿಲ್ಲ. ಮಹಾ ಸಾಹಿತ್ಯ ಅಂತ ಯಾರೂ ಆ ಸರಣಿಯನ್ನು ಹೊಗಳುವುದಿಲ್ಲ, ಆದರೆ ಈ ಒಂದು ವಿಷಯದಲ್ಲಿ ಅದು ಉಳಿದೆಲ್ಲಕ್ಕಿಂತ ಮುಂದೆ ಇದೆ.

ಆನ್-ಡಯಾನಾ ನಡುವೆ ಇದ್ದದ್ದು ಪ್ರೇಮವೇ ಅಂತ ಕೆಲವರು ಹೇಳ್ತಾರೆ. ನೀವೇನಂತೀರಿ?

2000ರಲ್ಲಿ ಕೆನಡಾದ ಒಬ್ಬ ವಿದ್ವಾಂಸೆ ಆನ್ ಪುಸ್ತಕಗಳಲ್ಲಿ ಹೆಣ್ಣು ಹೆಣ್ಣಿನ ನಡುವಿನ ಆಸೆಯ ಬಗ್ಗೆ ಪ್ರಬಂಧ ಓದಿದಾಗ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಗದ್ದಲ ಯಾಕೆ ಬೇಕಿತ್ತೋ. ಹತ್ತೊಂಬತ್ತನೇ ಶತಮಾನದ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಬರೆದ ಪತ್ರಗಳಲ್ಲಿ ಈ ಭಾಷೆ ತುಂಬಿದೆ, ಅಮೆರಿಕದ ಇತಿಹಾಸಕಾರ್ತಿ ಕ್ಯಾರಲ್ ಸ್ಮಿತ್-ರೋಸೆನ್‌ಬರ್ಗ್ 1975ರಲ್ಲೇ ಅದರ ಬಗ್ಗೆ ಬರೆದಿದ್ದರು. ಮುತ್ತು, ಕಣ್ಣೀರು, ಆಣೆ, ಅಗಲಿಕೆಯ ನೋವು, ಎಲ್ಲ ಬಹಿರಂಗವಾಗಿ. ಆಗ ಅವರು ಅದನ್ನು ಸ್ನೇಹ, ಪ್ರೇಮ ಅಂತ ಎರಡು ಡಬ್ಬಿಗೆ ಹಾಕುತ್ತಿರಲಿಲ್ಲ.

ಹಾಗಾಗಿ ಇದು ಬರೀ ಸ್ನೇಹ ಅಂತ ಸಿಟ್ಟಿನಿಂದ ಹೇಳುವವರೂ, ಇದು ಪ್ರೇಮವೇ ಅಂತ ಖಚಿತವಾಗಿ ಹೇಳುವವರೂ ಇಬ್ಬರೂ ಪುಸ್ತಕಕ್ಕಿಂತ ಮುಂದೆ ಓಡುತ್ತಿದ್ದಾರೆ ಅಂತ ನನಗನಿಸುತ್ತದೆ. ತನ್ನ ಬದುಕನ್ನು ಆ ಪುಟಗಳಲ್ಲಿ ಕಂಡುಕೊಂಡ ಓದುವವಳಿಗೆ 'ಅಲ್ಲ' ಅನ್ನುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಮಾಂಟ್‌ಗೊಮೆರಿ ಅವರ ಬದುಕಿನಲ್ಲೂ ಅತಿ ಹತ್ತಿರದ ಗೆಳತಿ ಅವರ ಸೋದರಸಂಬಂಧಿ ಫ್ರೀಡ್ ಕ್ಯಾಂಬೆಲ್. 1919ರ ಜನವರಿಯಲ್ಲಿ ಅವರು ತೀರಿಕೊಂಡಾಗ ಆದ ದುಃಖ ಮಾಂಟ್‌ಗೊಮೆರಿಯವರ ದಿನಚರಿಯಲ್ಲಿ ಪುಟಗಟ್ಟಲೆ ಇದೆ. ಅದನ್ನು ಓದಿದ ಮೇಲೆ ಗೆಳತಿಯರ ಬಗ್ಗೆ ಅವರು ಉತ್ಪ್ರೇಕ್ಷೆ ಮಾಡಿದರು ಅಂತ ಹೇಳಲಾಗದು.

ಹುಡುಗ ಸಿಗದೆ, ಆದರೂ ಖುಷಿಯಾಗಿ ಮುಗಿಯೋ ಒಂದಾದ್ರೂ ಪುಸ್ತಕ ಇದೆಯಾ?

'ಐ ಕ್ಯಾಪ್ಚರ್ ದ ಕ್ಯಾಸಲ್'. ಪೂರ್ತಿ ಖುಷಿ ಅಂತ ಹೇಳಲಾರೆ. ಹದಿನೇಳರ ಕಸಾಂಡ್ರಾ ಪಾಳುಬಿದ್ದ ಕೋಟೆಯೊಂದರಲ್ಲಿ ಮನೆಯವರ ಜೊತೆ ಇರುತ್ತಾಳೆ, ಬರೆಯಲು ಕಲಿಯಬೇಕು ಅಂತ ದಿನಚರಿ ಬರೆಯುತ್ತಾಳೆ, ಆ ದಿನಚರಿಯೇ ಕಾದಂಬರಿ. ಅಕ್ಕ ರೋಸ್‌ಗೆ ನಿಶ್ಚಯವಾದ ಸೈಮನ್ ಮೇಲೆ ಇವಳಿಗೆ ಪ್ರೀತಿ. ಅಕ್ಕತಂಗಿಯರ ನಡುವೆ ದೊಡ್ಡ ಜಗಳವೇ ನಡೆದುಹೋಗುತ್ತದೆ. ಎಮಿಲಿ ಮತ್ತು ಇಲ್ಸಾ ಆಡದ ಮಾತನ್ನೆಲ್ಲ ಇವರಿಬ್ಬರೂ ಆಡಿಬಿಡುತ್ತಾರೆ, ಅದರಿಂದಲೇ ಅವರಿಬ್ಬರೂ ಉಳಿಯುತ್ತಾರೆ. ಕೊನೆಗೆ ರೋಸ್ ಬೇರೊಬ್ಬನ ಜೊತೆ ಹೋಗುತ್ತಾಳೆ. ಸೈಮನ್ ಬಂದು ಕಸಾಂಡ್ರಾಳನ್ನು ಇನ್ನೇನು ಕೇಳಿಯೇ ಬಿಡುತ್ತಾನೆ ಅನ್ನುವಾಗ ಅವಳು ಮಾತು ತಿರುಗಿಸುತ್ತಾಳೆ, ಏಕೆಂದರೆ ಅವನ ಮನಸ್ಸು ಇನ್ನೂ ರೋಸ್ ಹತ್ತಿರ ಇದೆ ಅಂತ ಅವಳಿಗೆ ಕಾಣುತ್ತಿದೆ. ಮುಂದೆ ಅವನು ಮರಳಿ ಬರಬಹುದು, ಬರದೇ ಇರಬಹುದು. ಸ್ಮಿತ್ ಅದನ್ನು ಹೇಳುವುದಿಲ್ಲ. ದಿನಚರಿಯ ಕೊನೆಯ ಪುಟ ತುಂಬುತ್ತದೆ, ಅವಳು ಅಂಚಿನ ಖಾಲಿ ಜಾಗದಲ್ಲಿ ಬರೆಯುತ್ತಾಳೆ. ಮೊದಲು ಆನ್ ಓದಿ, ಆಮೇಲೆ ಎಮಿಲಿಯ ಮೂರೂ ಪುಸ್ತಕ, ಅದಾದ ಮೇಲೆ ಇದನ್ನು ಓದಿ ಅನ್ನುವುದು ನನ್ನ ಸಲಹೆ.